ಒಂದು ದಿನ ತಡವಾಗಿ ಹುಟ್ಟಿದ್ದರೆ?

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಂದು ರಾತ್ರಿ ಹನ್ನೊಂದೂವರೆಗೆ ಒಂದು ಮಗು ಹುಟ್ಟಿತು ಎನ್ನಿ. ಒಂದು ಗಂಟೆ ಬಿಟ್ಟು, ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಮಗು ಹುಟ್ಟಿತು. ಮೊದಲನೆಯದು ಶಾಲೆಗೆ ಒಂದು ವರ್ಷ ಮುಂಚೆ ಹೋಗುತ್ತದೆ, ತನ್ನ ಕ್ಲಾಸಿಗೇ ಚಿಕ್ಕದಾಗಿರುತ್ತದೆ. ಎರಡನೆಯದು ಮುಂದಿನ ವರ್ಷ ಹೋಗುತ್ತದೆ, ತನ್ನ ಕ್ಲಾಸಿಗೇ ದೊಡ್ಡದಾಗಿರುತ್ತದೆ.

ಆ ಪ್ರಾಂತದ 6ರಿಂದ 12 ವರ್ಷದ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದರು. 2012ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ ಇದೆ ಎಂದು ವೈದ್ಯರು ಬರೆದುಕೊಟ್ಟ ಮಕ್ಕಳು ಯಾವ ತಿಂಗಳಲ್ಲಿ ಹುಟ್ಟಿದವರು ಎಂಬುದು ಅವರ ಪ್ರಶ್ನೆ. ಜನವರಿಯಲ್ಲಿ ಹುಟ್ಟಿದವರಿಗೆ ಹೋಲಿಸಿದರೆ, ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ಈ ಹಣೆಪಟ್ಟಿ ಬೀಳುವ ಸಾಧ್ಯತೆ ಶೇ 30ರಷ್ಟು ಜಾಸ್ತಿ ಇತ್ತು. ಹುಡುಗಿಯರಿಗೆ ಶೇ 70ರಷ್ಟು ಜಾಸ್ತಿ. ಅದಕ್ಕೆ ಔಷಧ ಬರೆಸಿಕೊಂಡವರ ಲೆಕ್ಕದಲ್ಲಿ ಅಂತರ ಇನ್ನೂ ಹೆಚ್ಚು: ಹುಡುಗರಲ್ಲಿ ಶೇ 41, ಹುಡುಗಿಯರಲ್ಲಿ ಶೇ 77.

ಹಾಗಾದರೆ ಡಿಸೆಂಬರ್ ಚಳಿಯಲ್ಲೇ ಏನಾದರೂ ದೋಷ ಇದೆಯೇ? ಇಲ್ಲ ಎನ್ನುವುದಕ್ಕೆ ಅಮೆರಿಕದ ಉದಾಹರಣೆ ಸಾಕು. ಅಲ್ಲಿನ ಹಲವು ರಾಜ್ಯಗಳಲ್ಲಿ ಶಾಲೆಯ ಕಟ್‌ಆಫ್ ದಿನ ಸೆಪ್ಟೆಂಬರ್ 1. ಆ ರಾಜ್ಯಗಳಲ್ಲಿ ಕ್ಲಾಸಿಗೇ ಚಿಕ್ಕವರು ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳು. 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಅಂಥ ರಾಜ್ಯಗಳಲ್ಲಿ ಎಡಿಎಚ್‌ಡಿ ಪತ್ತೆಯಾದ ಪ್ರಮಾಣ ಸೆಪ್ಟೆಂಬರ್ ಮಕ್ಕಳಿಗಿಂತ ಆಗಸ್ಟ್ ಮಕ್ಕಳಲ್ಲಿ ಶೇ 34ರಷ್ಟು ಹೆಚ್ಚು. ಆ ಕಟ್‌ಆಫ್ ಇಲ್ಲದ ರಾಜ್ಯಗಳಲ್ಲಿ ಈ ಎರಡು ತಿಂಗಳ ಮಕ್ಕಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಒಂದು ಕಡೆ ಡಿಸೆಂಬರ್, ಇನ್ನೊಂದು ಕಡೆ ಆಗಸ್ಟ್. ಗೆರೆ ಎಲ್ಲಿದೆಯೋ ಅದರ ಅಂಚಿನಲ್ಲಿ ಕೂತ ಮಗುವೇ ಸಿಕ್ಕಿಬೀಳುತ್ತದೆ.

ಹುಟ್ಟಿದ ಗಳಿಗೆ ಬದುಕನ್ನು ರೂಪಿಸುತ್ತದೆಯೇ ಎಂದು ಕೇಳಿದಾಗ ಬಹಳಷ್ಟು ಜನ ಮೊದಲು ಆಕಾಶದ ಕಡೆ ನೋಡುತ್ತಾರೆ. ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಶಾನ್ ಕಾರ್ಲ್ಸನ್ ಎಂಬ ಭೌತವಿಜ್ಞಾನಿ ನಡೆಸಿದ ಪ್ರಯೋಗ 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಜ್ಯೋತಿಷಿಗಳಿಗೆ ಒಬ್ಬ ವ್ಯಕ್ತಿಯ ಜನ್ಮಕುಂಡಲಿ ಕೊಟ್ಟು, ಜೊತೆಗೆ ಮೂರು ಜನರ ಸ್ವಭಾವದ ವರದಿ ಕೊಟ್ಟರು. ಕುಂಡಲಿ ಯಾರದು ಎಂದು ಗುರುತಿಸಬೇಕಿತ್ತು. ಪ್ರಯೋಗದ ನಿಯಮಗಳನ್ನು ಜ್ಯೋತಿಷಿಗಳು ಮೊದಲೇ ಒಪ್ಪಿಕೊಂಡಿದ್ದರು. ಸರಿಯುತ್ತರ ಬಂದದ್ದು ಸುಮಾರು ಮೂರರಲ್ಲಿ ಒಂದು ಸಲ. ಕಣ್ಣುಮುಚ್ಚಿ ಬೆರಳಿಟ್ಟರೂ ಅಷ್ಟೇ ಬರುತ್ತದೆ.

ಆದರೆ ಹುಟ್ಟಿದ ಸಮಯಕ್ಕೂ ಮುಂದಿನ ಬದುಕಿಗೂ ನಂಟು ಇದೆ ಎಂಬ ಅನಿಸಿಕೆಯನ್ನು ಅಷ್ಟಕ್ಕೇ ತಳ್ಳಿಹಾಕಬೇಕಾಗಿಲ್ಲ. ನಂಟು ಇದೆ. ಅದನ್ನು ಭೂಮಿಯ ಮೇಲೇ ಹುಡುಕಬೇಕು. ಒಂದಿಷ್ಟು ಪಾಲು ತಾಯಿಯ ಹೊಟ್ಟೆಯಲ್ಲಿದ್ದಾಗ ಸಿಕ್ಕ ಅಥವಾ ಸಿಗದ ಆಹಾರದಿಂದ. ಒಂದಿಷ್ಟು ಆ ವರ್ಷದ ಯುದ್ಧ, ರೋಗ, ಕೆಲಸದ ಮಾರುಕಟ್ಟೆಯಿಂದ. ಇನ್ನೊಂದು ಪಾಲು ನಾವೇ ನಮ್ಮ ಅನುಕೂಲಕ್ಕೆ ಎಳೆದುಕೊಂಡ ಗೆರೆಗಳಿಂದ. ಈ ಕೊನೆಯದರ ಬಗ್ಗೆ ನನಗೆ ಹೆಚ್ಚು ಸಂಕಟ. ಯಾಕೆಂದರೆ ಇದನ್ನು ಸರಿಮಾಡುವುದು ನಮ್ಮ ಕೈಯಲ್ಲೇ ಇದೆ, ಆದರೂ ಬಿಟ್ಟಿದ್ದೇವೆ.

ಕ್ಲಾಸಿಗೇ ಚಿಕ್ಕ ಮಗು

ಆರು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಅಲ್ಲಿಯವರೆಗಿನ ಬದುಕಿನ ಆರನೇ ಒಂದು ಭಾಗ. ಆ ಹನ್ನೆರಡು ತಿಂಗಳಲ್ಲಿ ಪೆನ್ಸಿಲ್ ಹಿಡಿಯುವ ಬೆರಳು ಗಟ್ಟಿಯಾಗುತ್ತದೆ, ಕೂತಲ್ಲೇ ಕೂರುವ ತಾಳ್ಮೆ ಬರುತ್ತದೆ, ವಾಕ್ಯ ಉದ್ದವಾಗುತ್ತದೆ. ಟೀಚರ್ ಕಣ್ಣಿಗೆ ಬೀಳುವುದು ಮಾತ್ರ ಒಂದೇ ಬೆಂಚಿನ ಇಬ್ಬರು ಮಕ್ಕಳು. ಒಬ್ಬಳು ಚುರುಕು, ಇನ್ನೊಬ್ಬಳು ಸ್ವಲ್ಪ ಮಂದ ಎಂದು ಮನಸ್ಸಿನಲ್ಲಿ ಬರೆದುಕೊಂಡುಬಿಡುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶ ಏನೂ ಇರುವುದಿಲ್ಲ. ಹುಟ್ಟಿದ ತಾರೀಖು ಹಾಜರಿ ಪುಸ್ತಕದ ಜೊತೆ ಕಪಾಟಿನಲ್ಲಿರುತ್ತದೆ, ಮಗು ಎದುರಿಗಿರುತ್ತದೆ, ಅಷ್ಟೇ.

ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡ್ಯೂಯಿ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಹಲವು ದೇಶಗಳ ಗಣಿತ, ವಿಜ್ಞಾನ ಪರೀಕ್ಷೆಗಳ ಅಂಕಗಳನ್ನು ಹೋಲಿಸಿದರು. ನಾಲ್ಕನೇ ತರಗತಿಯಲ್ಲಿ ಕ್ಲಾಸಿಗೇ ಚಿಕ್ಕವರು ದೊಡ್ಡವರಿಗಿಂತ 4ರಿಂದ 12 ಪರ್ಸೆಂಟೈಲ್, ಅಂದರೆ ನೂರು ಮಕ್ಕಳ ಸಾಲಿನಲ್ಲಿ ಅಷ್ಟು ಸ್ಥಾನ, ಹಿಂದಿದ್ದರು. ಎಂಟನೇ ತರಗತಿಗೆ ಬರುವಷ್ಟರಲ್ಲಿ ಅಂತರ 2ರಿಂದ 9ಕ್ಕೆ ಇಳಿದಿತ್ತು. ಇಳಿಯಿತು, ಅಳಿಸಿಹೋಗಲಿಲ್ಲ. ಇಂಗ್ಲೆಂಡ್‌ನಲ್ಲಿ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗೆ ಒಂದು ಶಾಲಾ ವರ್ಷ. ಅಲ್ಲಿ ನಡೆದ ಅಧ್ಯಯನಗಳು ಇನ್ನೊಂದು ಮುಖ್ಯ ವಿಷಯ ಹೇಳಿದವು. ಆಗಸ್ಟ್ ಮಕ್ಕಳು ಹಿಂದೆ ಬೀಳಲು ಮುಖ್ಯ ಕಾರಣ ಬೇಗ ಶಾಲೆಗೆ ಸೇರಿದ್ದಲ್ಲ, ಪರೀಕ್ಷೆಯ ದಿನ ಅವರ ವಯಸ್ಸು ಕಡಿಮೆ ಇರುವುದು. ಹನ್ನೊಂದು ತಿಂಗಳು ದೊಡ್ಡವನ ಜೊತೆ ಅದೇ ದಿನ, ಅದೇ ಪ್ರಶ್ನೆಪತ್ರಿಕೆ. ಹಿಂದೆ ಬಿದ್ದರೆ ಆಶ್ಚರ್ಯ ಏನಿದೆ?

ನಾರ್ವೆಯ ಕಥೆ ಸ್ವಲ್ಪ ಸಮಾಧಾನ ಕೊಡುತ್ತದೆ. ಅಲ್ಲಿನ ದಾಖಲೆಗಳನ್ನು ನೋಡಿದ ಅರ್ಥಶಾಸ್ತ್ರಜ್ಞರ ಪ್ರಕಾರ, ಬೇಗ ಶಾಲೆಗೆ ಸೇರಿದವರಿಗೂ ತಡವಾಗಿ ಸೇರಿದವರಿಗೂ ಮೂವತ್ತನೇ ವಯಸ್ಸಿಗೆ ಸಂಪಾದನೆಯಲ್ಲಿ ಹೆಚ್ಚೇನೂ ವ್ಯತ್ಯಾಸ ಉಳಿಯುವುದಿಲ್ಲ. ಹಾಗಿದ್ದ ಮೇಲೆ ತಲೆ ಯಾಕೆ ಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಅಂತರ ತಾನಾಗಿ ಮುಚ್ಚಿಕೊಳ್ಳಲು ಎಲ್ಲರಿಗೂ ಕೊನೆಯವರೆಗೆ ಓಡಲು ಬಿಡಬೇಕು. ಚಿಕ್ಕಂದಿನಲ್ಲೇ ಆರಿಸಿ ಬೇರೆ ಮಾಡುವ ಕಡೆ ಹಾಗೆ ಆಗುವುದಿಲ್ಲ. ಅದಕ್ಕೆ ಆಟದ ಮೈದಾನಕ್ಕಿಂತ ಸ್ಪಷ್ಟ ಜಾಗ ಬೇರೆ ಇಲ್ಲ.

ಕೆನಡಾದ ಲೆತ್‌ಬ್ರಿಜ್ ಎಂಬಲ್ಲಿ ರೋಜರ್ ಬಾರ್ನ್ಸ್ಲಿ ಎಂಬ ಮನಶ್ಶಾಸ್ತ್ರಜ್ಞ ಹೆಂಡತಿ ಪೌಲಾ ಜೊತೆ ಹುಡುಗರ ಐಸ್ ಹಾಕಿ ಪಂದ್ಯ ನೋಡಲು ಹೋಗಿದ್ದರು. ಆಟಗಾರರ ವಿವರ ಇದ್ದ ಪುಸ್ತಿಕೆ ಓದುತ್ತಿದ್ದ ಪೌಲಾ ಕಣ್ಣಿಗೆ ಹುಟ್ಟಿದ ತಾರೀಖುಗಳು ಬಿದ್ದವು. ಜನವರಿ, ಫೆಬ್ರವರಿ, ಮತ್ತೆ ಜನವರಿ, ಮಾರ್ಚ್. ಗಂಡ ಮನೆಗೆ ಹೋಗಿ ಬೇರೆ ತಂಡಗಳ ಪಟ್ಟಿಗಳನ್ನೂ ಎಣಿಸಿದರು. ಎಲ್ಲೆಲ್ಲೂ ಅದೇ ಕಥೆ. 1985ರಲ್ಲಿ ಅದು ಸಂಶೋಧನಾ ಲೇಖನವಾಗಿ ಬಂತು. ಕೆನಡಾ ಹಾಕಿಯಲ್ಲಿ ವಯಸ್ಸಿನ ಗುಂಪು ಜನವರಿ 1ಕ್ಕೆ ಶುರುವಾಗುತ್ತದೆ. ಒಂಬತ್ತು, ಹತ್ತು ವರ್ಷಕ್ಕೆ ಆಯ್ಕೆ ನಡೆಯುವಾಗ ಜನವರಿ ಹುಡುಗ ಡಿಸೆಂಬರ್ ಹುಡುಗನಿಗಿಂತ ಎತ್ತರ, ಬಲ ಎರಡರಲ್ಲೂ ಮುಂದೆ. ಅವನನ್ನು ಆರಿಸುತ್ತಾರೆ. ಆರಿಸಿದ ಮೇಲೆ ಒಳ್ಳೆಯ ಕೋಚ್, ಹೆಚ್ಚು ಪಂದ್ಯ, ಹೆಚ್ಚು ಅಭ್ಯಾಸ. ಹದಿನಾರಕ್ಕೆ ಬರುವಷ್ಟರಲ್ಲಿ ಅವನು ನಿಜಕ್ಕೂ ಚೆನ್ನಾಗಿ ಆಡುತ್ತಿರುತ್ತಾನೆ. ಆಗ ಎಲ್ಲರೂ ಹೇಳುವುದು, ನೋಡಿ, ನಮ್ಮ ಆಯ್ಕೆ ಸರಿಯಾಗಿತ್ತು ಅಂತ.

ಬೆಲ್ಜಿಯಂ ಇದನ್ನು ತಿಳಿಯದೆಯೇ ದೊಡ್ಡ ಪ್ರಯೋಗವಾಗಿ ಮಾಡಿ ತೋರಿಸಿತು. 1997ರಲ್ಲಿ ಹುಡುಗರ ಫುಟ್‌ಬಾಲ್‌ನ ಕಟ್‌ಆಫ್ ಆಗಸ್ಟ್ 1ರಿಂದ ಜನವರಿ 1ಕ್ಕೆ ಹೋಯಿತು. ಅಲ್ಲಿಯವರೆಗೆ ಆಗಸ್ಟ್, ಸೆಪ್ಟೆಂಬರ್ ಹುಡುಗರು ತಂಡಗಳಲ್ಲಿ ತುಂಬಿದ್ದರು. ಕಟ್‌ಆಫ್ ಬದಲಾದ ಮೇಲೆ ಆ ಜಾಗಕ್ಕೆ ವರ್ಷದ ಮೊದಲ ತಿಂಗಳುಗಳ ಹುಡುಗರು ಬಂದರು. ಪ್ರತಿಭೆ ಅಷ್ಟು ಬೇಗ ಆಗಸ್ಟ್‌ನಿಂದ ಜನವರಿಗೆ ವಲಸೆ ಹೋಗುವುದಿಲ್ಲ, ಅಲ್ವಾ?

ಇದರಲ್ಲಿ ಎರಡು ನಷ್ಟ ಇದೆ. ಒಂದು, ಆಡಬೇಕೆಂಬ ಆಸೆಯಿದ್ದ ಹುಡುಗ ಮನೆಗೆ ಹೋಗುತ್ತಾನೆ, ತನಗೆ ಯೋಗ್ಯತೆ ಇಲ್ಲ ಎಂದೇ ನಂಬಿ ಹೋಗುತ್ತಾನೆ. ಎರಡು, ತಂಡಕ್ಕೂ ನಷ್ಟ. ಉತ್ತರ ಅಮೆರಿಕದ ವೃತ್ತಿಪರ ಹಾಕಿ ಲೀಗ್‌ಗೆ 1980ರಿಂದ 2006ರವರೆಗೆ ಆಯ್ಕೆಯಾದವರನ್ನು ನೋಡಿದಾಗ, ವರ್ಷದ ಕೊನೆಯಲ್ಲಿ ಹುಟ್ಟಿದವರನ್ನು ಅವರ ಯೋಗ್ಯತೆಗಿಂತ ತಡವಾಗಿ ಆರಿಸಿಕೊಂಡಿದ್ದು ಗೊತ್ತಾಯಿತು. ಮುಂದೆ ಅವರು ನಿರೀಕ್ಷೆಗಿಂತ ಚೆನ್ನಾಗಿ ಆಡಿದರು. ಬಾಗಿಲು ದಾಟಿದವರ ಮಾತಾಯಿತು ಇದು. ದಾಟದವರ ಲೆಕ್ಕ ಇಟ್ಟವರು ಯಾರು?

ಹುಟ್ಟುವ ಮೊದಲೇ

ಈಗ ಇನ್ನೊಂದು ಪಾಲು. 1944ರ ಚಳಿಗಾಲ. ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗ ಜರ್ಮನ್ ಸೇನೆಯ ಹಿಡಿತದಲ್ಲಿತ್ತು. ರೈಲು ನೌಕರರು ಮುಷ್ಕರ ಹೂಡಿದ್ದಕ್ಕೆ ಪ್ರತೀಕಾರವಾಗಿ ಆಹಾರ ಸಾಗಣೆ ನಿಂತಿತು. ಕಾಲುವೆಗಳು ಹೆಪ್ಪುಗಟ್ಟಿದವು. ಆಮ್‌ಸ್ಟರ್‌ಡಾಮ್‌ನಂಥ ನಗರಗಳಲ್ಲಿ ಒಬ್ಬರಿಗೆ ಸಿಗುತ್ತಿದ್ದ ದಿನದ ಪಡಿತರ 400ರಿಂದ 800 ಕ್ಯಾಲರಿಗೆ ಇಳಿಯಿತು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾದ ಕೂಡಲೇ ಆಹಾರ ಮತ್ತೆ ಬಂತು. ಕ್ಷಾಮಕ್ಕೆ ಇಷ್ಟು ಸ್ಪಷ್ಟ ಶುರು, ಇಷ್ಟು ಸ್ಪಷ್ಟ ಕೊನೆ ಇರುವುದು ಅಪರೂಪ. ಪಡಿತರದ ಲೆಕ್ಕ, ಹೆರಿಗೆಯ ದಾಖಲೆ ಎರಡೂ ಉಳಿದುಕೊಂಡಿದ್ದವು. ಹಾಗಾಗಿ ಯಾವ ಮಗು ಹೊಟ್ಟೆಯಲ್ಲಿ ಎಷ್ಟನೇ ತಿಂಗಳಲ್ಲಿದ್ದಾಗ ತಾಯಿ ಹಸಿದಿದ್ದಳು ಎಂದು ಹೇಳಬಹುದಿತ್ತು.

ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಸಿವು ತಟ್ಟಿದ ಮಕ್ಕಳು ತೂಕ ಕಡಿಮೆಯಾಗಿ ಹುಟ್ಟಿದವು. ಮೊದಲ ತಿಂಗಳುಗಳಲ್ಲಿ ತಟ್ಟಿದವು ಮಾಮೂಲಿ ತೂಕದಲ್ಲೇ ಹುಟ್ಟಿದವು. ಆಗ ನೋಡಿದವರು ಇವಕ್ಕೇನೂ ಆಗಿಲ್ಲ ಎಂದುಕೊಂಡಿರಬೇಕು. ಐವತ್ತು ದಾಟಿದ ಮೇಲೆ ಅವರಲ್ಲೇ ಹೃದಯದ ಕಾಯಿಲೆ, ಕೊಬ್ಬಿನ ತೊಂದರೆ ಜಾಸ್ತಿ ಕಂಡಿತು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಬರುವ ಸಾಧ್ಯತೆಯೂ ಹೆಚ್ಚಿತ್ತು. 2008ರಲ್ಲಿ, ಅರವತ್ತು ವರ್ಷಗಳ ನಂತರ, ಅವರ ರಕ್ತವನ್ನು ಕ್ಷಾಮ ತಟ್ಟದ ಒಡಹುಟ್ಟಿದವರ ರಕ್ತದ ಜೊತೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನ್‌ನ ಮೇಲಿನ ರಾಸಾಯನಿಕ ಗುರುತು ಬೇರೆಯಾಗಿತ್ತು. ಅದೇ ತಾಯಿ, ಅದೇ ಮನೆ, ವ್ಯತ್ಯಾಸ ಆ ಕೆಲವು ತಿಂಗಳ ಹಸಿವು ಮಾತ್ರ.

ಹಾಗೆಂದು ಎಲ್ಲವೂ ಕೆಟ್ಟಿತು ಎಂದೂ ಅಲ್ಲ. ಆ ಗುಂಪಿನ ಹುಡುಗರು ಹದಿನೆಂಟು, ಹತ್ತೊಂಬತ್ತರ ವಯಸ್ಸಿಗೆ ಸೇನೆಯ ಬುದ್ಧಿ ಪರೀಕ್ಷೆಗೆ ಕೂತಾಗ ಬೇರೆಯವರಿಗಿಂತ ಹಿಂದೆ ಬೀಳಲಿಲ್ಲ.

ಕ್ಷಾಮ ಇಲ್ಲದಿದ್ದರೂ ಋತುಗಳು ಸಣ್ಣದಾಗಿ ಕೈಯಾಡಿಸುತ್ತವೆ. ಆಸ್ಟ್ರಿಯಾ ಮತ್ತು ಡೆನ್ಮಾರ್ಕ್‌ನಲ್ಲಿ ಐವತ್ತು ದಾಟಿದವರನ್ನು ನೋಡಿದಾಗ, ಅಕ್ಟೋಬರ್–ಡಿಸೆಂಬರ್‌ನಲ್ಲಿ ಹುಟ್ಟಿದವರು ಏಪ್ರಿಲ್–ಜೂನ್‌ನಲ್ಲಿ ಹುಟ್ಟಿದವರಿಗಿಂತ ಕೆಲವು ತಿಂಗಳು ಹೆಚ್ಚು ಬದುಕಿದ್ದರು. ಋತುಗಳು ತಿರುಗುಮುರುಗಾಗಿರುವ ಆಸ್ಟ್ರೇಲಿಯಾದಲ್ಲಿ ಈ ಚಿತ್ರವೂ ಆರು ತಿಂಗಳು ಸರಿದಿತ್ತು. ಇನ್ನೂ ಸೋಜಿಗದ ವಿಷಯ ಎಂದರೆ, ಬ್ರಿಟನ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿ ಅಲ್ಲೇ ತೀರಿಕೊಂಡವರಲ್ಲಿ ಉತ್ತರದ ಚಿತ್ರವೇ ಕಂಡಿತು. 2001ರಲ್ಲಿ ಇದನ್ನು ಪ್ರಕಟಿಸಿದ ಗೇಬ್ರಿಯೆಲೆ ಡೋಬ್ಲ್‌ಹ್ಯಾಮರ್ ಮತ್ತು ಜೇಮ್ಸ್ ವೌಪೆಲ್ ತಾಯಿಯ ಆಹಾರ, ಎಳೆಗೂಸಿಗೆ ತಗಲುವ ಸೋಂಕುಗಳ ಕಡೆ ಬೆರಳು ತೋರಿಸಿದರು. ಬಿಸಿಲಿನ ಪಾಲೂ ಇರಬಹುದು ಎಂದು ಬೇರೆ ಕಾಯಿಲೆಗಳನ್ನು ನೋಡಿದವರು ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಚಳಿಗಾಲದ ಮಕ್ಕಳು ಮುಂದೆ ಓದು, ಸಂಬಳದಲ್ಲಿ ಸ್ವಲ್ಪ ಹಿಂದೆ ಎಂಬ ಲೆಕ್ಕ ಅಮೆರಿಕದಲ್ಲಿ ಬಹಳ ವರ್ಷ ಓಡಾಡಿತು. ಕೇಸಿ ಬಕಲ್ಸ್ ಮತ್ತು ಡೇನಿಯಲ್ ಹಂಗರ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು. ಚಳಿಗಾಲದಲ್ಲಿ ಹೆರುವವರು ಯಾರು? ಹದಿಹರೆಯದ ತಾಯಂದಿರು, ಕಡಿಮೆ ಓದಿದವರು, ಮದುವೆಯಾಗದವರ ಪಾಲು ಆ ತಿಂಗಳುಗಳಲ್ಲಿ ಹೆಚ್ಚು. ಅಂದರೆ ತಿಂಗಳ ತಲೆಗೆ ಕಟ್ಟಿದ ದೋಷದಲ್ಲಿ ದೊಡ್ಡ ಭಾಗ ಮನೆಯ ಪರಿಸ್ಥಿತಿಯದು. 1918ರ ಫ್ಲೂ ಬಗ್ಗೆಯೂ ಇಂಥದೇ ಜಗ್ಗಾಟ ನಡೆದಿದೆ. ಆಗ ಹೊಟ್ಟೆಯಲ್ಲಿದ್ದ ಅಮೆರಿಕದ ಮಕ್ಕಳು ಕಡಿಮೆ ಓದಿದರು, ಕಡಿಮೆ ಗಳಿಸಿದರು ಎಂದು ಡಗ್ಲಸ್ ಆಲ್ಮಂಡ್ 2006ರಲ್ಲಿ ತೋರಿಸಿದರು. ಆ ಹೊತ್ತಿಗೆ ಮೊದಲ ಮಹಾಯುದ್ಧಕ್ಕೆ ಹೋಗಿದ್ದ ಗಂಡಸರು ಉಳಿದವರಿಗಿಂತ ಅನುಕೂಲಸ್ಥ ಮನೆಗಳವರು, ಹಾಗಾಗಿ ಆ ವರ್ಷದ ಮಕ್ಕಳ ಮನೆಗಳೇ ಸರಾಸರಿಗಿಂತ ಬಡವಾಗಿದ್ದವು ಎಂದು ಆಮೇಲೆ ಬಂದವರು ವಾದಿಸಿದರು. ಹುಟ್ಟಿದ ತಿಂಗಳಿನ ಬಗ್ಗೆ ಯಾರೇ ಏನೇ ಲೆಕ್ಕ ತಂದರೂ, ಆ ತಿಂಗಳಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ತೂಗಿತು ಎಂದು ಮೊದಲು ಕೇಳಬೇಕು.

ವರ್ಷದ ಪಾಲು

1969ರ ಡಿಸೆಂಬರ್ 1ರ ರಾತ್ರಿ ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ಗಾಜಿನ ಭರಣಿಯಲ್ಲಿ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳಿದ್ದವು. ಒಂದೊಂದರಲ್ಲೂ ವರ್ಷದ ಒಂದು ದಿನಾಂಕ. 1944ರಿಂದ 1950ರವರೆಗೆ ಹುಟ್ಟಿದ ಯುವಕರಲ್ಲಿ ಯಾರನ್ನು ಮೊದಲು ವಿಯೆಟ್ನಾಂ ಯುದ್ಧದ ಸೇನೆಗೆ ಕರೆಯಬೇಕು ಎಂದು ತೀರ್ಮಾನಿಸುವ ಲಾಟರಿ ಅದು, ಟಿವಿಯಲ್ಲಿ ನೇರಪ್ರಸಾರ. ಮೊದಲು ಬಂದದ್ದು ಸೆಪ್ಟೆಂಬರ್ 14. ಜೂನ್ 8 ಕೊನೆಯದು. ಬಂದ ಕ್ರಮದಲ್ಲಿ 195ನೇ ದಿನಾಂಕದವರೆಗೆ ಕರೆ ಹೋಯಿತು. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ಹಾಕಿದ್ದರು, ಸರಿಯಾಗಿ ಕಲಸಿರಲಿಲ್ಲ. ಹಾಗಾಗಿ ವರ್ಷದ ಕೊನೆಯ ತಿಂಗಳ ದಿನಾಂಕಗಳು ಬೇಗ ಬೇಗ ಬಂದವು. ಡಿಸೆಂಬರ್‌ನಲ್ಲಿ ಹುಟ್ಟಿದ್ದಕ್ಕೆ ಯುದ್ಧಕ್ಕೆ ಹೋಗಬೇಕಾಗಿ ಬಂದವರ ಪಾಲಿಗೆ, ಯಾರೋ ಒಂದು ಡಬ್ಬಿಯನ್ನು ಇನ್ನೂ ನಾಲ್ಕು ಸಲ ಅಲ್ಲಾಡಿಸಲಿಲ್ಲ ಎಂಬುದೇ ಹಣೆಬರಹವಾಯಿತು.

ಜೋಶುವಾ ಆಂಗ್ರಿಸ್ಟ್ ಎಂಬ ಅರ್ಥಶಾಸ್ತ್ರಜ್ಞ ಈ ಲಾಟರಿಯನ್ನೇ ಅಳತೆಗೋಲಾಗಿ ಬಳಸಿದರು. 1980ರ ದಶಕದ ಆರಂಭದಲ್ಲಿ ಸೇನೆಗೆ ಹೋಗಿಬಂದ ಬಿಳಿಯರ ಗಳಿಕೆ ಹೋಗದವರಿಗಿಂತ ಸುಮಾರು ಶೇ 15ರಷ್ಟು ಕಡಿಮೆ ಇತ್ತು. 2000ದ ಹೊತ್ತಿಗೆ ಆ ಅಂತರ ಮುಚ್ಚಿಹೋಗಿತ್ತು ಎಂದು ಅವರೇ ಮುಂದೆ ತೋರಿಸಿದರು. ಸರಿ, ಸಂಬಳ ಸಮ ಆಯಿತು. ಮನೆಗೆ ವಾಪಸ್ ಬಾರದವರು ಯಾವ ಸಂಬಳದ ಪಟ್ಟಿಯಲ್ಲೂ ಇಲ್ಲ.

ಯುದ್ಧ ಇಲ್ಲದ ಕಾಲದಲ್ಲೂ ಹುಟ್ಟಿದ ವರ್ಷ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಇಂಥ ವರ್ಷ ಹುಟ್ಟಿದವರು ಇಂಥ ವರ್ಷ ಡಿಗ್ರಿ ಮುಗಿಸುತ್ತಾರೆ. ಆ ವರ್ಷ ಕೆಲಸ ಇಲ್ಲದಿದ್ದರೆ? ಕೆನಡಾದ ಪದವೀಧರರನ್ನು ನೋಡಿದ ಅಧ್ಯಯನದ ಪ್ರಕಾರ, ಮಂದಗತಿಯ ವರ್ಷದಲ್ಲಿ ಹೊರಬಂದವರ ಗಳಿಕೆ ಶುರುವಿನಲ್ಲಿ ಸುಮಾರು ಶೇ 9ರಷ್ಟು ಕಡಿಮೆ. ಐದು ವರ್ಷಕ್ಕೆ ಅದು ಅರ್ಧಕ್ಕೆ ಇಳಿಯುತ್ತದೆ, ಹತ್ತು ವರ್ಷಕ್ಕೆ ಸರಿಹೋಗುತ್ತದೆ. ಆ ಹತ್ತು ವರ್ಷ ಮದುವೆ, ಮನೆ, ಮಕ್ಕಳ ವರ್ಷಗಳು ಎಂಬುದನ್ನು ಮರೆಯಬಾರದು.

ಒಂದೇ ಕಷ್ಟ ಎಲ್ಲರಿಗೂ ಒಂದೇ ಥರ ತಟ್ಟುವುದೂ ಇಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದ ಮಕ್ಕಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಗ್ಲೆನ್ ಎಲ್ಡರ್ ಎರಡು ಗುಂಪುಗಳನ್ನು ಹೋಲಿಸಿದರು. ಓಕ್‌ಲ್ಯಾಂಡ್‌ನಲ್ಲಿ 1920–21ರಲ್ಲಿ ಹುಟ್ಟಿದವರು ಕಷ್ಟ ಬಂದಾಗ ಕೈಗೆ ಬಂದ ಮಕ್ಕಳಾಗಿದ್ದರು. ಸಣ್ಣಪುಟ್ಟ ಕೆಲಸಕ್ಕೆ ಹೋಗಿ ಮನೆಗೆ ನೆರವಾದರು. ಪಕ್ಕದ ಬರ್ಕ್ಲಿಯಲ್ಲಿ 1928–29ರಲ್ಲಿ ಹುಟ್ಟಿದವರು ಆಗ ಇನ್ನೂ ಕಂಕುಳ ಕೂಸುಗಳು. ಅಪ್ಪನ ಕೆಲಸ ಹೋದ ಮನೆಯ ಸಿಟ್ಟು, ಮೌನ, ಜಗಳ ಎಲ್ಲವನ್ನೂ ಉಂಡವರು ಅವರು. ಅದರಲ್ಲೂ ಗಂಡುಮಕ್ಕಳಿಗೆ ಪೆಟ್ಟು ಜಾಸ್ತಿ ಬಿತ್ತು.

ಕೋವಿಡ್ ಕಾಲದ ಕೂಸುಗಳು ಈಗ ಶಾಲೆಯ ಮೆಟ್ಟಿಲು ಹತ್ತಿದ್ದಾರೆ. ಡಬ್ಲಿನ್‌ನಲ್ಲಿ ಲಾಕ್‌ಡೌನ್ ಶಿಶುಗಳನ್ನು ಒಂದು ವರ್ಷ ತುಂಬಿದಾಗ ನೋಡಿದರು. ಮೊದಲಿನ ಮಕ್ಕಳಿಗೆ ಹೋಲಿಸಿದರೆ ಬೆರಳು ಮಾಡಿ ತೋರಿಸುವವರು, ಟಾಟಾ ಮಾಡುವವರು, ಒಂದು ಸ್ಪಷ್ಟ ಪದ ಆಡುವವರು ಕಡಿಮೆ. ಅಂಬೆಗಾಲಿಡುವವರು ಮಾತ್ರ ಜಾಸ್ತಿ. ಯಾರೂ ಬರದ, ಯಾರೂ ಹೋಗದ ಮನೆಯಲ್ಲಿ ಟಾಟಾ ಯಾರಿಗೆ ಮಾಡುವುದು? ನೆಲದ ಮೇಲೆ ಓಡಾಡಲು ಹೊತ್ತು ಬೇಕಾದಷ್ಟಿತ್ತು. ಇದು ಕಾಯಿಲೆ ಅಲ್ಲ. ಆದರೆ ಈ ಮಕ್ಕಳ ಮಾತು ಸ್ವಲ್ಪ ತಡವಾಗಿದ್ದರೆ, ಹಣೆಪಟ್ಟಿ ಹಚ್ಚುವ ಮುಂಚೆ ಹುಟ್ಟಿದ ವರ್ಷ ನೋಡಬೇಕು.

ಇನ್ನು ಆ ಗೆರೆಗಳನ್ನು ಏನು ಮಾಡುವುದು? ಗೆರೆಯನ್ನು ಸರಿಸಿದರೆ ಸಾಲದು ಎಂದು ಬೆಲ್ಜಿಯಂ ತೋರಿಸಿತು. ಅಂಚಿನಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ. ತಿಳಿವಳಿಕೆ ಕೊಟ್ಟರೆ ಸಾಕು ಎನ್ನುವವರಿಗೆ 2017ರ ಒಂದು ಫುಟ್‌ಬಾಲ್ ಪ್ರಯೋಗವನ್ನು ಹೇಳಬೇಕು. ಪ್ರತಿಭೆ ಹುಡುಕುವ ಅನುಭವಿ ಸ್ಕೌಟ್‌ಗಳಿಗೆ ಹುಡುಗರ ಪಂದ್ಯಗಳನ್ನು ತೋರಿಸಿದರು. ಒಂದು ಗುಂಪಿಗೆ ವಯಸ್ಸೇ ಹೇಳಲಿಲ್ಲ. ಇನ್ನೊಂದು ಗುಂಪಿನ ಕೈಗೆ ಹುಟ್ಟಿದ ತಾರೀಖಿನ ಪಟ್ಟಿ ಕೊಟ್ಟರು. ಮೂರನೇ ಗುಂಪು ನೋಡಿದ ಆಟದಲ್ಲಿ ಜೆರ್ಸಿಯ ನಂಬರ್‌ಗಳೇ ವಯಸ್ಸಿನ ಕ್ರಮದಲ್ಲಿದ್ದವು, ಅದನ್ನು ಅವರಿಗೆ ಹೇಳಿದ್ದರು. ಪಟ್ಟಿ ಹಿಡಿದವರು ಕೂಡ ದೊಡ್ಡ ಹುಡುಗರನ್ನೇ ಹೆಚ್ಚು ಆರಿಸಿದರು. ನಂಬರ್ ನೋಡುತ್ತಿದ್ದವರಲ್ಲಿ ಮಾತ್ರ ಆ ಒಲವು ಮಾಯವಾಯಿತು. ತೀರ್ಮಾನ ಮಾಡುವ ಕ್ಷಣದಲ್ಲಿ ವಯಸ್ಸು ಕಣ್ಣೆದುರಿಗೇ ಇರಬೇಕು.

ಇದು ಶಾಲೆಗೂ ಸಲ್ಲುತ್ತದೆ. ಇಂಗ್ಲೆಂಡ್‌ನ ಕೆಲವು ಶಾಲೆಗಳು ಹನ್ನೊಂದನೇ ವಯಸ್ಸಿನ ಪ್ರವೇಶ ಪರೀಕ್ಷೆಯಲ್ಲಿ ಅಂಕಗಳನ್ನು ಮಗುವಿನ ವಯಸ್ಸಿಗೆ ಹೊಂದಿಸಿಯೇ ಲೆಕ್ಕ ಹಾಕುತ್ತವೆ. ತಿಂಗಳ ಲೆಕ್ಕದಲ್ಲಿ ವಯಸ್ಸು ಗೊತ್ತಿದ್ದರೆ ಇದು ಕಷ್ಟದ ಗಣಿತವೇನಲ್ಲ. ಏಳು, ಎಂಟು ವರ್ಷದ ಮಕ್ಕಳನ್ನು ಗುಂಪು ಮಾಡುವ, ಅಂಕ ಕೊಡುವ ಎಲ್ಲ ಕಡೆ ಇದು ಮಾಮೂಲಿ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅನುಕೂಲವಂತರು ಈಗಾಗಲೇ ಬೇರೆ ದಾರಿ ಹಿಡಿದಿದ್ದಾರೆ. ಮಗುವನ್ನು ಒಂದು ವರ್ಷ ತಡವಾಗಿ ಶಾಲೆಗೆ ಕಳಿಸುತ್ತಾರೆ. ಅಮೆರಿಕದಲ್ಲಿ ಇದನ್ನು ಮಾಡುವವರಲ್ಲಿ ಹೆಚ್ಚಿನವರು ಉಳ್ಳವರು. ಒಂದು ವರ್ಷದ ಆರೈಕೆಯ ಖರ್ಚು ಹೊರಬಲ್ಲವರಿಗೆ ಮಾತ್ರ ಆ ಆಯ್ಕೆ. ಹೊರಲಾಗದವರ ಮಗು ಹೇಗೂ ಕ್ಲಾಸಿಗೇ ಚಿಕ್ಕದು, ಈಗ ಇನ್ನೂ ದೊಡ್ಡವರ ಜೊತೆ ಕೂರಬೇಕು. ಸ್ಕಾಟ್‌ಲ್ಯಾಂಡ್ 2023ರ ಆಗಸ್ಟ್‌ನಿಂದ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಶಾಲಾ ವರ್ಷ ಶುರುವಾಗುವ ಹೊತ್ತಿಗೆ ಐದು ತುಂಬದ ಮಗುವನ್ನು ಇನ್ನೊಂದು ವರ್ಷ ನರ್ಸರಿಯಲ್ಲಿ ಉಳಿಸಿಕೊಳ್ಳಲು ಬಯಸಿದರೆ ಅದರ ಖರ್ಚು ಸರ್ಕಾರದ್ದು.

ಅಂಥ ವ್ಯವಸ್ಥೆ ಎಲ್ಲ ಕಡೆ ಬರುವುದಕ್ಕೆ ಸಮಯ ಬೇಕು. ಅಲ್ಲಿಯವರೆಗೆ ಅಪ್ಪ ಅಮ್ಮ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಮಗು ಹಿಂದುಳಿದಿದೆ, ಒಂದು ಕಡೆ ಕೂರುವುದಿಲ್ಲ, ಡಾಕ್ಟರಿಗೆ ತೋರಿಸಿ ಎಂದು ಶಾಲೆಯಲ್ಲಿ ಹೇಳಿದರೆ, ಕ್ಲಾಸಿನಲ್ಲಿ ವಯಸ್ಸಿನ ಸಾಲು ನಿಲ್ಲಿಸಿದರೆ ನಮ್ಮ ಮಗು ಎಷ್ಟನೆಯದು ಎಂದು ಕೇಳಿ. ಡಾಕ್ಟರಿಗೆ ತೋರಿಸುವುದೇ ಆದರೆ ಆ ಉತ್ತರವನ್ನೂ ಜೊತೆಗೆ ತೆಗೆದುಕೊಂಡು ಹೋಗಿ.